ಹೊಲಿಗೆ ಅಕ್ಕೋರ ಮನೆಯ ಡೆನ್ಮಾರ್ಕ್ ಸೂತಕ

ಕಳೆದ ತಿಂಗಳು ನಮ್ಮ ಹಳೆಯ ಶಾಲೆಯ ಸಭಾಂಗಣದಲ್ಲಿ ಹೊಲಿಗೆ ಅಕ್ಕೋರ ಶ್ರದ್ಧಾಂಜಲಿ ಸಭೆ ನಡೆಯಿತು. ಅವರನ್ನು ಒಂದು ದಿನವೂ ಕಂಡಿರದ ಈಗಿನ ಮುಖ್ಯೋಪಾಧ್ಯಾಯರು ಮೈಕಿನ ಮುಂದೆ ನಿಂತು, "ದಿವಂಗತರು ಅತ್ಯಂತ ಸೌಮ್ಯ ಸ್ವಭಾವದವರು, ಯಾರ ಮನಸ್ಸನ್ನೂ ನೋಯಿಸಿದವರಲ್ಲ" ಎಂದರು. ಹಿಂದಿನ ಸಾಲಿನಲ್ಲಿ ಕೂತಿದ್ದ ಹಳೆಯ ವಿದ್ಯಾರ್ಥಿನಿಯರಿಗೆಲ್ಲ ಒಮ್ಮೆಲೇ ಕೆಮ್ಮು ಬಂತು. ನನಗೂ ಬಂತು. ಒಬ್ಬಾಕೆಯಂತೂ ಸೆರಗನ್ನು ಬಾಯಿಗೆ ತುರುಕಿಕೊಂಡು ಹೊರಗೇ ಹೋದಳು. ಸತ್ತವರ ಬಗ್ಗೆ ಒಳ್ಳೆಯದನ್ನೇ ಮಾತಾಡಬೇಕು, ಒಪ್ಪಿದೆ. ಆದರೆ ಬೇರೆ ಯಾರದೋ ಒಳ್ಳೆಯತನವನ್ನು ತಂದು ಇವರಿಗೆ ತೊಡಿಸಿದರೆ ಹೇಗೆ? ಅಕ್ಕೋರು ಅಲ್ಲಿದ್ದಿದ್ದರೆ "ಈ ಜಂಪರ ನಂದಲ್ರೀ ಸರ್, ಅಳತಿ ತಪ್ಪೈತಿ" ಎಂದು ಎದ್ದು ನಿಂತೇ ಹೇಳುತ್ತಿದ್ದರು. ಅವರು ಹೇಳಲಾರರಾದ್ದರಿಂದ ನಾನು ಬರೆಯುತ್ತಿದ್ದೇನೆ.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆಲ್ಲ ಅಕ್ಕೋರು ಅನ್ನುತ್ತಾರೆ. ಹಾಗೆ ನೋಡಿದರೆ ನಾನೂ ಅಕ್ಕೋರೇ. ಅದೇ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಆದರೆ ಬೆಳಗಾವಿಯ ಶಹಾಪುರದ ನಮ್ಮ ಓಣಿಯಲ್ಲಿ ಬರೀ "ಅಕ್ಕೋರು" ಅಂದರೆ ಅವರೊಬ್ಬರೇ. ಎರಡು ಮನೆ ಆಚೆಗಿದ್ದ ನಾನು "ಇಂಗ್ಲಿಷ್ ಬಾಯಿ". ಅವರದು ನಾಲ್ಕೂವರೆ ಅಡಿ ಎತ್ತರ, ಕೊರಳಲ್ಲಿ ಮಂಗಳಸೂತ್ರದ ಜೊತೆಗೆ ಅಳತೆ ಟೇಪು, ಎದೆಯ ಮೇಲೆ ಸೆರಗಿಗೆ ಚುಚ್ಚಿದ ಎರಡು ಸೂಜಿ. ಅವರನ್ನು ಪ್ರೀತಿಯಿಂದ ತಬ್ಬಿಕೊಂಡವರು ಯಾರೂ ಎರಡನೇ ಸಲ ತಬ್ಬಿಕೊಳ್ಳಲು ಹೋಗಲಿಲ್ಲ.

ಅವರ ಕ್ಲಾಸಿನಲ್ಲಿ ಇದ್ದದ್ದು ಒಂದೇ ಪರೀಕ್ಷೆ. ಹುಡುಗಿ ಹದಿನೈದು ದಿನ ಕಣ್ಣು ಕಿತ್ತುಕೊಂಡು ಹೂವು ತೆಗೆದ ಕರ್ಚೀಫನ್ನು ತಂದು ಎದುರಿಗೆ ಹಿಡಿದರೆ ಅಕ್ಕೋರು ಹೂವನ್ನು ನೋಡುತ್ತಲೇ ಇರಲಿಲ್ಲ. "ಉಲ್ಟಾ ಬಾಜು ತೋರಸು" ಅನ್ನುತ್ತಿದ್ದರು. ಹಿಂಬದಿಯಲ್ಲಿ ಗಂಟು, ಜೋತುಬಿದ್ದ ದಾರ ಕಂಡರೆ ಮುಗಿಯಿತು, ಅಷ್ಟೂ ಬಿಚ್ಚಬೇಕು. ಈ ಪರೀಕ್ಷೆಯನ್ನು ಅವರು ಬಟ್ಟೆಗಷ್ಟೇ ಇಟ್ಟುಕೊಂಡಿರಲಿಲ್ಲ. ನನ್ನನ್ನು ನೋಡಲು ಗಂಡು ಬಂದಾಗ ಚಹಾ ಕೊಡುವ ನೆಪದಲ್ಲಿ ಬಂದು, ಆ ಮನುಷ್ಯನ ಹಿಂದೆ ಹೋಗಿ ನಿಂತು, ಕಾಲರಿನ ಒಳಮೈಯನ್ನು ಬಗ್ಗಿ ನೋಡಿದರು. ಆಮೇಲೆ ಅಡಿಗೆಮನೆಗೆ ಬಂದು, "ಮುಂದ ಇಸ್ತ್ರಿ ಐತಿ, ಹಿಂದ ಹೊಲಿಗಿ ಬಿಚ್ಚೈತಿ. ಬ್ಯಾಡವ್ವಾ" ಎಂದರು. ನಾನು ಮಾತು ಕೇಳಲಿಲ್ಲ, ಆ ಮನುಷ್ಯನನ್ನೇ ಮದುವೆಯಾದೆ. ಈಗ ಪಕ್ಕದ ಕೋಣೆಯಲ್ಲಿ ಪೇಪರ್ ಓದುತ್ತ ಕೂತಿದ್ದಾರೆ. ಕಾಲರು ಇಂದಿಗೂ ಹಾಗೇ ಇದೆ.

ಇಂಥವರ ಮನೆಗೆ ಪರದೇಶದ ಮಕ್ಕಳು ಬಂದು ಇರುವಂತಾದದ್ದು ಅವರ ಗಂಡನ ಒಂದು "ಹೂಂ"ನಿಂದ. ಅವರ ಗಂಡ ರವಿವಾರ ಪೇಟೆಯ ಒಂದು ದೊಡ್ಡ ಕಿರಾಣಿ ಅಂಗಡಿಯಲ್ಲಿ ದಿವಾನಜಿ, ಅಂದರೆ ಗುಮಾಸ್ತ. ಊರೆಲ್ಲ ಅವರನ್ನು ದಿವಾನಜಿ ಎಂದೇ ಕರೆಯುತ್ತಿತ್ತು. ಮನೆಯಲ್ಲಿ ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಆ ಅಂಗಡಿಯ ಸಾಹುಕಾರರು ಒಂದು ಕ್ಲಬ್ಬಿನ ಅಧ್ಯಕ್ಷರು. ಆ ಕ್ಲಬ್ಬು ಪ್ರತಿವರ್ಷ ಇಲ್ಲಿನ ಮಕ್ಕಳನ್ನು ಒಂದು ವರ್ಷ ಹೊರದೇಶಕ್ಕೆ ಕಳಿಸುತ್ತಿತ್ತು, ಅಲ್ಲಿಯವರನ್ನು ಇಲ್ಲಿ ಇಟ್ಟುಕೊಳ್ಳುತ್ತಿತ್ತು. ಒಂದೊಂದು ಮನೆಯಲ್ಲಿ ನಾಲ್ಕು ತಿಂಗಳು. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ, ಒಪ್ಪಿಕೊಂಡಿದ್ದ ಡಾಕ್ಟರರ ಮನೆಯವರು ಕಡೇ ಗಳಿಗೆಯಲ್ಲಿ ಕೈ ಎತ್ತಿದರು. ಸಾಹುಕಾರರು ತಿರುಗಿ ನೋಡಿದಾಗ ಎದುರಿಗೆ ಇದ್ದವರು ದಿವಾನಜಿ. "ನಿಮ್ಮ ಮನ್ಯಾಗ ಇಟ್ಕೋತೀರೇನ್ರಿ?" ಎಂದರು. ಮೂವತ್ತು ವರ್ಷ ಆ ಅಂಗಡಿಯಲ್ಲಿ ದುಡಿದ ಮನುಷ್ಯನ ಬಾಯಲ್ಲಿ "ಹೂಂ" ಬಿಟ್ಟು ಬೇರೆ ಶಬ್ದವೇ ಇರಲಿಲ್ಲ.

ಮೊದಲು ಬಂದವನು ಬ್ರೆಜಿಲ್ಲಿನ ಹುಡುಗ. ಮೂರು ದಿನ ಅವನಿಗೆ ರಾಜೋಪಚಾರ. ಹೋಳಿಗೆಯೇನು, ಕುಂದಾ ಏನು, ಕೂತಲ್ಲಿಗೆ ನೀರೇನು! ಪಾಪ, ಮನೆಗೆ ಪತ್ರ ಬರೆದು ಇಲ್ಲೇ ಇದ್ದುಬಿಡುತ್ತೇನೆ ಅಂದನಂತೆ. ನಾಲ್ಕನೆಯ ದಿನ ಬೆಳಿಗ್ಗೆ ಅಕ್ಕೋರು ಅವನ ಕೈಗೆ ಕಸಬರಿಗೆ ಕೊಟ್ಟರು. ಅದರ ಯಾವ ತುದಿ ಹಿಡಿಯಬೇಕೆಂಬುದೇ ಅವನಿಗೆ ಗೊತ್ತಿರಲಿಲ್ಲ. ಸುದ್ದಿ ಕ್ಲಬ್ಬಿಗೆ ಮುಟ್ಟಿತು. ಸಫಾರಿ ಸೂಟಿನ ಇಬ್ಬರು ಸದಸ್ಯರು ವಿಚಾರಣೆಗೆ ಬಂದಾಗ ಹುಡುಗ ಅಟ್ಟದ ಮೇಲೆ ಕೂತು ಜೇಡರ ಬಲೆ ತೆಗೆಯುತ್ತಿದ್ದ, ತಲೆಗೆ ಸುತ್ತಿಕೊಂಡದ್ದು ದಿವಾನಜಿಯವರ ಹೆಗಲ ಮೇಲಿನ ಪಂಜಿ.

"ಅಕ್ಕೋರ, ಅವರು ನಮ್ಮ ಅತಿಥಿಗಳ್ರಿ" ಎಂದರು ಒಬ್ಬರು.

"ಕಾಗದದಾಗ ಏನ್ ಬರದೀರಿ? 'ಮನಿ ಮಗನ್ಹಂಗ ಇರತಾನ' ಅಂತ ಬರದೀರಿಲ್ಲೋ? ನಮ್ಮ ಮನಿ ಮಕ್ಕಳು ಕಸಾ ಹೊಡೀತಾರ. ಅತಿಥಿ ಆಗಬೇಕಂದ್ರ ಲಾಡ್ಜಿನ್ಯಾಗ ಇಡ್ರಿ, ನಾ ಏನ್ ಬ್ಯಾಡ ಅನ್ನೂದಿಲ್ಲ. ಚಹಾ ಕುಡೀತೀರಿಲ್ಲೋ?"

ಚಹಾ ಕುಡಿದು ಹೋದರು. ಆ ಹುಡುಗ ಇನ್ನೊಮ್ಮೆ, ಕೋಟೆಯಲ್ಲಿನ ಕಮಲ ಬಸದಿ ನೋಡಿ ಬರುತ್ತೇನೆಂದು ಹೇಳಿ ಸಿನಿಮಾಕ್ಕೆ ಹೋಗಿ ಸಿಕ್ಕಿಬಿದ್ದ. ಅಕ್ಕೋರು ಕ್ಲಬ್ಬಿನ ತುಂಬಿದ ಸಭೆಯಲ್ಲಿ, ಸಾಹುಕಾರರ ಸಮಕ್ಷಮ, ಸ್ಟೂಲಿನ ಮೇಲೆ ಹತ್ತಿ ನಿಂತು ಅವನ ಕಿವಿ ಹಿಂಡಿದರು. ಹೊರಡುವ ದಿನ ಆ ಆರಡಿಯ ಹುಡುಗ ಬೆಳಗಾವಿ ಸ್ಟೇಶನ್ನಿನಲ್ಲಿ ಗೋಳೋ ಎಂದು ಅತ್ತದ್ದನ್ನು ನಾನೇ ನೋಡಿದ್ದೇನೆ.

ಅದಾದ ಮೇಲಿನ ವರ್ಷ ಸೋಫಿ ಬಂದಳು. ಡೆನ್ಮಾರ್ಕಿನವಳು, ಹದಿನೇಳು ವರ್ಷ. ನಮ್ಮ ಶಾಲೆಯಲ್ಲೇ ಹತ್ತನೆಯ ತರಗತಿಯಲ್ಲಿ ಕೂರುತ್ತಿದ್ದಳು. ಕಸಬರಿಗೆ ಕೊಡುವ ಮೊದಲೇ ಕೇಳಿ ಇಸಿದುಕೊಂಡ ಜಾಣೆ. ಅವಳ ತೊಂದರೆ ಬೇರೆಯದು: ಅವಳಿಗೆ ಏನೂ ತೊಂದರೆಯೇ ಇರಲಿಲ್ಲ. ಬಾಗಿಲ ಚೌಕಟ್ಟಿಗೆ ಹಣೆ ಬಡಿದು ಬುಗುಟು ಬಂದರೂ "ಐ ಆಮ್ ಫೈನ್". ಮೆಣಸಿನಕಾಯಿ ಕಚ್ಚಿ ಕಣ್ಣಲ್ಲಿ ನೀರು ಬಂದರೂ "ಐ ಆಮ್ ಫೈನ್". ಅಕ್ಕೋರಿಗೆ ಆ ಮೂರು ಶಬ್ದ ಕೇಳಿದರೆ ಮೈ ಉರಿಯುತ್ತಿತ್ತು. "ಈ ಹುಡುಗಿ ಮುಂದಿನ ಬಾಜು ಅಷ್ಟ ತೋರಸ್ತಾಳ" ಅನ್ನುತ್ತಿದ್ದರು.

ಅವಳು ತಂದಿದ್ದ ಒಂದು ನೀಲಿ ಸ್ವೆಟರ್ ಮಾತ್ರ ಅಕ್ಕೋರ ಮನಸ್ಸು ಗೆದ್ದಿತು. ಬಂದ ದಿನವೇ ಅದನ್ನು ಒಳಹೊರಗು ಮಾಡಿ, ಕನ್ನಡಕ ಏರಿಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಒಂದೂ ಗಂಟಿಲ್ಲ. "ಯಾರ ಕೈಕೆಲಸ ಇದು?" ನಮ್ಮ ಅಜ್ಜಿಯದು, ಅಪ್ಪನ ತಾಯಿ ಎಂದಳು ಸೋಫಿ. ಅಕ್ಕೋರು ಅಂದೇ ಕೂತು ಒಂದು ಕರ್ಚೀಫಿಗೆ ಕಸೂತಿ ಹಾಕತೊಡಗಿದರು. ನಮ್ಮ ಕಸೂತಿಯ ಗವಂತಿ ಹೊಲಿಗೆ ಎರಡೂ ಬದಿಗೆ ಒಂದೇ ಥರ ಕಾಣಬೇಕು, ಗಂಟು ಬರಲೇಬಾರದು. ಮುಗಿಸಿ ಡೆನ್ಮಾರ್ಕಿಗೆ ಅಂಚೆಯಲ್ಲಿ ಕಳಿಸಿದರು. ಜೊತೆಗೆ ನನ್ನ ಕೈಯಲ್ಲಿ ಒಂದೇ ಸಾಲು ಬರೆಸಿದರು: ಉಲ್ಟಾ ಮಾಡಿ ನೋಡ್ರಿ. ಮೂರು ವಾರಕ್ಕೆ ಉತ್ತರ ಬಂತು. "ಮಾಡಿ ನೋಡಿದೆ. ಕುರ್ಚಿ ಹಿಡಿದು ಕೂತುಕೊಳ್ಳಬೇಕಾಯಿತು." ಅಕ್ಕೋರು ಆ ಕಾಗದವನ್ನು ಸ್ಟಾಫ್ ರೂಮಿನಲ್ಲಿ ಮೂರು ಸಲ ನನ್ನಿಂದ ಓದಿಸಿದರು, ಗಣಿತದ ಮಾಸ್ತರರಿಗೆ ನಾಲ್ಕನೇ ಸಲ.

ಗಣೇಶ ಚೌತಿಗೆ ಎಂಟು ದಿನ ಇದ್ದಾಗ ಸೋಫಿಯ ತಂದೆಯ ಫೋನ್ ಬಂತು. ಆ ಅಜ್ಜಿ ತೀರಿಕೊಂಡಿದ್ದಳು. ಎಂಬತ್ತೊಂದು ವರ್ಷ. ಕುರ್ಚಿಯಲ್ಲಿ ಕೂತಲ್ಲೇ ಹೋದಳಂತೆ. ನೀನು ಬರುವ ಅಗತ್ಯವಿಲ್ಲ, ಇಷ್ಟು ದೂರ, ಎಲ್ಲ ನಾವು ನೋಡಿಕೊಳ್ಳುತ್ತೇವೆ ಎಂದರಂತೆ ತಂದೆ. ಸೋಫಿ ಫೋನ್ ಇಟ್ಟು ಬಂದು ನಗುಮುಖದಿಂದಲೇ ವಿಷಯ ಹೇಳಿದಳು. "ಐ ಆಮ್ ಫೈನ್" ಎಂದಳು. ಅಂಗಳ ಗುಡಿಸಿದಳು, ಎರಡು ರೊಟ್ಟಿ ತಿಂದಳು, ಶಾಲೆಗೆ ಬಂದಳು.

ಮರುದಿನ ಹೊಲಿಗೆಯ ಪಿರಿಯಡ್ಡು. ಅಂದು ಕಲಿಸಿದ್ದು ಕಾಜಾ ಹಾಕುವುದು, ಗುಂಡಿ ತೂರಿಸುವ ಆ ಸಣ್ಣ ಸೀಳಿಗೆ ದಾರದ ಅಂಚು ಕಟ್ಟುವುದು. ಪ್ರತಿಯೊಬ್ಬರೂ ನಾಲ್ಕು ಕಾಜಾ ಹಾಕಿ ತೋರಿಸಬೇಕು. ಸೋಫಿ ಗೇಣುದ್ದದ ಬಟ್ಟೆಯ ಮೇಲೆ ನಲವತ್ತು ಹಾಕಿದ್ದಳು, ಒಂದಕ್ಕೊಂದು ಅಂಟಿಕೊಂಡಂತೆ, ಜಾಗವೇ ಇಲ್ಲದ ಹಾಗೆ. ಬೆಲ್ ಹೊಡೆದರೂ ಹಾಕುತ್ತಲೇ ಇದ್ದಳು. ಅಕ್ಕೋರು ಕೈಯಿಂದ ಬಟ್ಟೆ ತೆಗೆದುಕೊಂಡು ಎಂದಿನಂತೆ ತಿರುವಿದರು. ಹಿಂಬದಿಯಲ್ಲಿ ಬರೀ ಗಂಟು. ಅವರು ಬಿಚ್ಚು ಅನ್ನಲಿಲ್ಲ. ಬಟ್ಟೆಯನ್ನು ಮಡಚಿ ತಮ್ಮ ಚೀಲದಲ್ಲಿ ಇಟ್ಟುಕೊಂಡರು.

"ಈ ಹುಡುಗಿ ಅತ್ತಿಲ್ಲ" ಎಂದರು ನನಗೆ, ದಾರಿಯಲ್ಲಿ. "ಒಂದ ಹನಿ ಅತ್ತಿಲ್ಲ. ಹಿಂಗ ಬಿಟ್ರ ಈಕಿಗೆ ಏನರೆ ಆಗ್ತೈತಿ."

"ಅವರ ಪದ್ಧತಿನ ಹಂಗಿರಬೇಕ್ರಿ ಅಕ್ಕೋರ."

"ಅಳಾಕ ಎಂಥಾ ಪದ್ಧತಿ ಬೇ? ಅಳಾಕ ಮಂದಿ ಬೇಕು."

ಅಂದು ಸಂಜೆ ಅವರ ಮನೆಯಲ್ಲಿ ದೇವರಿಗೆ ದೀಪ ಹಚ್ಚಲಿಲ್ಲ. ಒಲೆಯ ಮೇಲೆ ಒಗ್ಗರಣೆ ಬೀಳಲಿಲ್ಲ. ಅಕ್ಕೋರು ಪಡಸಾಲೆಯಲ್ಲಿ ಚಾಪೆ ಹಾಸಿ, ತಲೆಯ ಗಂಟು ಬಿಚ್ಚಿ, ಸೋಫಿಯನ್ನು ಬಾಜೂಕ್ಕೆ ಕೂರಿಸಿಕೊಂಡು ಘೋಷಣೆ ಮಾಡಿದರು: "ಈ ಮನೀಗೆ ಸೂತಕ ಐತಿ. ಹತ್ತ ದಿನಾ."

ದಿವಾನಜಿಯವರ ಕೈಯಲ್ಲಿದ್ದ ಚಹಾ ಬಸಿ ಅಲ್ಲೇ ನಿಂತಿತು. ವಿಷಯ ಏನೆಂದರೆ, ಅವರದು ಖಾನಾಪುರ ತಾಲೂಕಿನ, ಹಲಸಿಯ ಹತ್ತಿರದ ಹಳ್ಳಿ. ಆ ಊರಿನಲ್ಲಿ ಅವರ ಅಣ್ಣತಮ್ಮಂದಿರದೇ ಇಪ್ಪತ್ತೆರಡು ಮನೆ. ಒಂದು ಮನೆಗೆ ಸಾವಿನ ಸೂತಕ ಬಂದರೆ ಇಪ್ಪತ್ತೆರಡಕ್ಕೂ ಬಂದಂತೆ. ಏಳು ದಿನಕ್ಕೆ ಚೌತಿ. ಸೂತಕದ ಮನೆಯಲ್ಲಿ ಗಣಪತಿ ಕೂರಿಸುವಂತಿಲ್ಲ. ಅದರಲ್ಲೂ ಊರ ಬಾಗಿಲಿನಿಂದ ಗಣಪತಿಯನ್ನು ತಲೆಯ ಮೇಲೆ ಹೊತ್ತು ದೊಡ್ಡ ಮನೆಗೆ ತರುವ ಮಾನ ಆ ಮನೆಯ ಹಿರಿಯ ಮಗನದು. ಹಿರಿಯ ಮಗ ನಮ್ಮ ದಿವಾನಜಿ.

"ಏ, ತಲಿ ಕೆಟ್ಟೈತೇನ್ ನಿನಗ? ಡೆನ್ಮಾರ್ಕಿನ್ಯಾಗ ಯಾರೋ ಸತ್ರ ನಮಗ್ಯಾತರ ಸೂತಕ?"

"ಸೋಫಿ ನಮ್ಮ ಮಗಳು ಹೌದೋ ಅಲ್ಲೋ? ಕಾಗದಕ್ಕ ಸಹಿ ನೀವ ಮಾಡೀರಿ."

"ಹೌದು, ಹೌದು…"

"ಮಗಳ ಅಪ್ಪನ ತಾಯಿ ಸತ್ರ ಮನೀಗೆ ಸೂತಕ ಬರತೈತೋ ಇಲ್ಲೋ?"

ದಿವಾನಜಿ ಲೆಕ್ಕ ಹಾಕಿ ನೋಡಿದರು. ಸೋಫಿ ಮಗಳಾದರೆ ಅಪ್ಪ ತಾನು. ಅಪ್ಪನ ತಾಯಿ… "ಏ, ನಮ್ಮವ್ವ ಊರಾಗ ಗಟ್ಟಿಮುಟ್ಟಿ ಅದಾಳ!" ಎಂದು ಕೂಗಿಕೊಂಡರು.

ಓಣಿಯ ಭಟ್ಟರನ್ನು ಕರೆಸಿದರು. ಅವರು ಪಂಚಾಂಗ ತಿರುವಿ, ದಿವಾನಜಿಯ ಮುಖ ನೋಡಿ, ಒಂದು ಹಾದಿ ಹುಡುಕಿದರು. "ದೇಶಾಂತರದ ಸಾವ್ರಿ ಇದು. ಸಮುದ್ರದ ಆಚಿಂದು. ತಲಿ ಮ್ಯಾಲ ಒಂದ ತಂಬಿಗಿ ನೀರ ಹಾಕ್ಕೊಂಡ್ರ ಮುಗೀತು."

"ಸಮುದ್ರ ದಾಟಿ ಬಂದ ಹುಡುಗಿಗೆ ಮೂರ ಹೊತ್ತು ಊಟಕ್ಕ ಹಾಕ್ತೀನಿ" ಎಂದರು ಅಕ್ಕೋರು. "ಸಮುದ್ರ ದಾಟಿ ಬಂದ ಸಾವಿಗೆ ಬರೇ ಒಂದ ತಂಬಿಗಿ ನೀರೇನ್ರಿ ಭಟ್ಟರ?"

ಭಟ್ಟರು ದಕ್ಷಿಣೆಯನ್ನೂ ಕೇಳದೆ ಎದ್ದರು.

ಸೂತಕದ ಮನೆ ಎಂದಮೇಲೆ ಓಣಿಯ ಹೆಂಗಸರು ಸುಮ್ಮನಿರುತ್ತಾರೆಯೇ? ಒಬ್ಬರು ಝುಣಕ ರೊಟ್ಟಿ ತಂದರು, ಇನ್ನೊಬ್ಬರು ಅನ್ನ ಸಾರು. ಮಾತಾಡಿಸಲು ಬಂದವರು ಚಾಪೆಯ ಸುತ್ತ ಕೂತು ಸೋಫಿಯ ಬೆನ್ನು ಸವರಿದರು. ಸೋಫಿ ಎಲ್ಲರಿಗೂ ನಕ್ಕು, ನನ್ನ ಕಿವಿಯಲ್ಲಿ, "ದಯವಿಟ್ಟು ಹಬ್ಬ ನಿಲ್ಲಿಸಬೇಡಿ ಎಂದು ಹೇಳಿ. ನನಗೆ ಏನೂ ಆಗಿಲ್ಲ" ಎಂದಳು. ನಾನು ಹೇಳಿದೆ. ಅಕ್ಕೋರು ಕೇಳಿಸದವರ ಹಾಗೆ ಗೋಡೆ ನೋಡಿದರು. ನಿಜ ಹೇಳುತ್ತೇನೆ, ಆ ಹೊತ್ತಿಗೆ ನನಗೂ ಇದು ಅತಿಯಾಯಿತು ಅನ್ನಿಸಿತ್ತು. ಮುದುಕಿಯ ಸಾವಿನ ನೆಪದಲ್ಲಿ ಹುಡುಗಿಯನ್ನು ಕಾಡುತ್ತಿದ್ದಾರೆ, ಹಟಕ್ಕೆ ಬಿದ್ದಿದ್ದಾರೆ ಎಂದೇ ಅಂದುಕೊಂಡಿದ್ದೆ.

ಸುದ್ದಿ ಊರಿಗೆ ಮುಟ್ಟಿತ್ತು. ಮೂರನೆಯ ದಿನ ಮಧ್ಯಾಹ್ನ ಖಾನಾಪುರದ ಕಡೆಯಿಂದ ಟೆಂಪೋ ಬಂದು ನಿಂತಿತು. ಮೊದಲು ಇಳಿದವನು ದಿವಾನಜಿಯವರ ದೊಡ್ಡಪ್ಪನ ಮಗ, ಅಕ್ಕೋರಿಗೆ ಭಾವ. ಇಪ್ಪತ್ತೆರಡು ಮನೆಯ ಹಿರಿತನವೆಲ್ಲ ಅವನ ಮೀಸೆಯಲ್ಲಿ ಇತ್ತು. ಅವನ ಹಿಂದೆ ಇನ್ನೂ ನಾಲ್ವರು. ಕಡೆಗೆ, ಎಲ್ಲರ ಕೈ ಕೊಸರಿಕೊಂಡು ತಾನೇ ಇಳಿದವಳು ದಿವಾನಜಿಯವರ ತಾಯಿ. ಊರಿಗೆಲ್ಲ ಅವಳು ಆಯಿ.

"ಬೆಳಗಾವ್ಯಾಗ ನನ್ನ ಸೂತಕ ಹಿಡದೀರಂತ" ಎಂದಳು ಹೊಸ್ತಿಲಲ್ಲೇ ನಿಂತು. "ಹೆಂಗ ನಡಸೀರಿ ನೋಡ್ಕೊಂಡ ಹೋಗೂಣಂತ ನಾನ ಬಂದೆ."

ಭಾವ ಕೂಡಲೂ ಇಲ್ಲ. "ಇಪ್ಪತ್ತೆರಡ ಮನಿ ಗಣಪತಿ ಯಾವಾಕೀನೋ ಸಲುವಾಗಿ ತಪ್ಪಬೇಕೇನವಾ? ಖರೇ ಹೇಳು, ಸತ್ತಾಕಿ ಮಾರಿ ಒಮ್ಮೆರೆ ನೋಡೀಯೇನ್ ನೀ?"

"ಮಾರಿ ನೋಡಿಲ್ರಿ ಭಾವಾರ. ಕೈ ನೋಡೀನಿ" ಎಂದು ಅಕ್ಕೋರು ಆ ನೀಲಿ ಸ್ವೆಟರನ್ನು ತಂದು ಒಳಹೊರಗು ಮಾಡಿ ಆಯಿಯ ಮಡಿಲಿಗೆ ಹಾಕಿದರು.

"ಈ ವರ್ಷ ಗಣಪತಿ ಬರಲಿಲ್ಲಂದ್ರ ನೀ ಆ ಮನಿ ಹೊಸ್ತಿಲಾ ತುಳಿಯೂದ ಬ್ಯಾಡ. ತಿಳೀತಿಲ್ಲ?" ಎಂದ ಭಾವ. ಅದು ಬರಿಯ ಸಿಟ್ಟಿನ ಮಾತಾಗಿರಲಿಲ್ಲ, ಹಿಂದೆ ನಿಂತ ನಾಲ್ವರೂ ತಲೆಯಾಡಿಸಿದರು. ದಿವಾನಜಿ ನೆಲ ನೋಡುತ್ತಿದ್ದರು. ಅಕ್ಕೋರ ತುಟಿ ಒಂದು ಸಲ ನಡುಗಿದ್ದನ್ನು ನಾನು ನೋಡಿದೆ. ಇಪ್ಪತ್ತು ವರ್ಷದಲ್ಲಿ ನಾನು ನೋಡಿದ್ದು ಅದೊಂದೇ ಸಲ. ಆದರೆ ಚಾಪೆ ಬಿಟ್ಟು ಏಳಲಿಲ್ಲ.

ಆಯಿ ಸ್ವೆಟರಿನ ಒಳಮೈ ಮೇಲೆ ಬೆರಳಾಡಿಸುತ್ತ ಕೂತಿದ್ದಳು. ಆಮೇಲೆ ನನ್ನನ್ನು ಕರೆದು, "ನೀ ಕೇಳಿ ಹೇಳು ಈಕಿಗೆ. ಎಂಥಾಕಿ ಇದ್ಲು ನಿಮ್ಮಾಯಿ?" ಎಂದಳು.

ಮೂರು ದಿನದಲ್ಲಿ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ ಎಂದು ನನಗೆ ಆಗ ಹೊಳೆಯಿತು. ಸೋಫಿ ಮೊದಲು "ಒಳ್ಳೆಯವಳು" ಎಂದಳು. ಆಯಿ ತಲೆಯಾಡಿಸಿದಳು: ಹಾಗೆ ಎಲ್ಲರೂ ಇರುತ್ತಾರೆ, ಮುಂದೆ ಹೇಳು. ಸೋಫಿ ಒಂದೊಂದೇ ಹೇಳಿದಳು. ಎಂಬತ್ತನೆಯ ವಯಸ್ಸಿನಲ್ಲೂ ಸೈಕಲ್ ಹೊಡೆಯುತ್ತಿದ್ದಳು. ಇಸ್ಪೀಟಿನಲ್ಲಿ ಮೋಸ ಮಾಡುತ್ತಿದ್ದಳು, ಮೊಮ್ಮಕ್ಕಳ ಜೊತೆಗೂ. ಬಾಜೂ ಮನೆಯವಳ ಕಡೆಗೆ ಬಾಗಿದ ಸೇಬಿನ ಗಿಡದ ಕೊಂಬೆಗಾಗಿ ಮೂವತ್ತು ವರ್ಷ ಜಗಳಾಡಿದ್ದಳು.

ಆಯಿ ಎಲ್ಲ ಕೇಳಿಸಿಕೊಂಡಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಖಾನಾಪುರದ ಸುತ್ತಲಿನ ಹತ್ತು ಹಳ್ಳಿಗಳಲ್ಲಿ ಸತ್ತವರ ಗುಣ ಎತ್ತಿ ಹಾಡಿ ಅಳುವುದರಲ್ಲಿ ಅವಳನ್ನು ಮೀರಿಸಿದವರಿಲ್ಲವೆಂದು ನನಗೆ ಯಾರೂ ಹೇಳಿರಲಿಲ್ಲ. ಇದ್ದಕ್ಕಿದ್ದಂತೆ ಆ ಪಡಸಾಲೆಯಲ್ಲಿ ಎದೆ ಸೀಳುವ ದನಿ ಎದ್ದಿತು:

"ಎಂಥಾಕಿ ಹೋದ್ಯವ್ವಾ, ನನ್ನ ವಾರಿಗಿಯಾಕಿ…
ಸೂಜಿ ಹಿಡದ್ರ ಗಂಟ ಕಾಣಲಿಲ್ಲವ್ವಾ,
ಎಲಿ ಹಿಡದ್ರ ಮೋಸ ಕಾಣಲಿಲ್ಲವ್ವಾ…
ಸೈಕಲ್ಲ ಗ್ವಾಡಿಗೆ ಆನಿಸಿ ಎತ್ತ ಹ್ವಾದ್ಯವ್ವಾ…"

ಸೋಫಿ ನನ್ನ ತೋಳು ಹಿಡಿದು ಏನು, ಏನು ಎಂದಳು. ನಾನು ಸಾಲುಸಾಲಾಗಿ ಇಂಗ್ಲಿಷಿನಲ್ಲಿ ಹೇಳಿದೆ. ಇಸ್ಪೀಟಿನ ಸಾಲಿಗೆ ಅವಳಿಗೆ ನಗು ಬಂತು, ಕೈಯಿಂದ ಬಾಯಿ ಮುಚ್ಚಿಕೊಂಡಳು. ಆಯಿ ಬಿಡಲಿಲ್ಲ.

"ಇನ್ನ ಸೇಬಿನ ಹಣ್ಣ ಯಾರು ಕಾಯವರವ್ವಾ,
ಬಾಜೂದಾಕಿ ಗೆದ್ದಳವ್ವಾ, ನನ್ನವ್ವಾ…"

ಅದನ್ನು ನಾನು ಹೇಳಿ ಮುಗಿಸುವಷ್ಟರಲ್ಲಿ ಸೋಫಿಯ ನಗು ಅರ್ಧದಲ್ಲೇ ತಿರುಗಿತು. ಆಮೇಲೆ ಬಂದದ್ದು ಅಳುವಲ್ಲ, ಕಟ್ಟೆ ಒಡೆದ ಕೆರೆ. ಆಯಿಯ ಮಡಿಲಲ್ಲಿ ಮುಖ ಇಟ್ಟು, ತನ್ನ ಭಾಷೆಯಲ್ಲಿ ಅಜ್ಜಿಯನ್ನು ಕರೆದು ಕರೆದು ಅತ್ತಳು. ಓಣಿಯ ಹೆಂಗಸರು ಅತ್ತರು. ಅಕ್ಕೋರು ಅತ್ತರು. ನಾನು ಅನುವಾದ ಬಿಟ್ಟು ಅತ್ತೆ.

ಎಲ್ಲ ತಣ್ಣಗಾದ ಮೇಲೆ ಭಾವ ಗಂಟಲು ಸರಿಪಡಿಸಿಕೊಂಡು, "ಆತು ಆಯಿ. ಹಂಗಾರ ಗಣಪತಿ?" ಎಂದ.

ಆಯಿ ಮೂಗು ಒರೆಸಿಕೊಂಡು ತೀರ್ಪು ಕೊಟ್ಟಳು. "ಗಣಪತಿ ಬರಲಿ. ಇಪ್ಪತ್ತೆರಡ ಮನೀಗೆ ಸೂತಕ ಬ್ಯಾಡ. ಅತ್ತವರಿಗಷ್ಟ ಸೂತಕ."

"ಶಾಭಾಸ್!" ಎಂದ ಭಾವ. "ಹಂಗಾರ ಈ ವರ್ಷ ಗಣಪತಿ ನಾ ಹೊರತೀನಿ."

"ನೀ ಹೆಂಗ ಹೊರ್ತೀಯೋ? ಮೀಸಿ ಮುಟ್ಕೊಂಡ ನೋಡು" ಎಂದಳು ಆಯಿ.

ಭಾವ ಮುಟ್ಟಿ ನೋಡಿಕೊಂಡ. ಪೂರ್ತಿ ತೊಯ್ದಿತ್ತು. ಜೊತೆಗೆ ಬಂದ ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಅವಸರದಿಂದ ಕಣ್ಣೊರೆಸಿಕೊಂಡರು, ಆದರೆ ಆಯಿ ಎಲ್ಲರನ್ನೂ ಎಣಿಸಿ ಆಗಿತ್ತು. ದಿವಾನಜಿಯನ್ನಂತೂ ಕೇಳುವುದೇ ಬೇಡ, ಪಂಜಿ ಹಿಂಡಿದರೆ ನೀರು ಬರುವಂತಿತ್ತು. ಹೀಗಾಗಿ ಆ ವರ್ಷ ದೊಡ್ಡ ಮನೆಯ ಗಣಪತಿಯನ್ನು ಹೊತ್ತವನು ಊರಲ್ಲೇ ಉಳಿದು ದನ ಕಾಯುತ್ತಿದ್ದ ದಿವಾನಜಿಯ ಕಿರಿಯ ತಮ್ಮ. ನಲವತ್ತು ವರ್ಷಕ್ಕೆ ಮೊದಲ ಸಲ ಸಿಕ್ಕ ಮಾನ. ಅವನು ಊರ ಬಾಗಿಲಿಂದ ದೊಡ್ಡ ಮನೆಗೆ ನೆಟ್ಟಗೆ ಬರದೆ ಇಡೀ ಊರನ್ನು ಎರಡು ಸುತ್ತು ಸುತ್ತಿದನಂತೆ.

ಆಯಿ ಹೊರಡುವಾಗ ನನ್ನ ಕಡೆಗೂ ಬೆರಳು ತೋರಿಸಿದಳು. "ಈಕೀನೂ ಅತ್ತಾಳ." ಮುಗಿಯಿತು. ಆಗ ನನಗಿನ್ನೂ ಮದುವೆಯಾಗಿರಲಿಲ್ಲ. ನಮ್ಮ ಮನೆಯ ಚೌತಿಯಲ್ಲಿ ನನ್ನ ಅವ್ವ ನನ್ನನ್ನು ಹೊರಗಿನ ಕಟ್ಟೆಯ ಮೇಲೆ ಕೂರಿಸಿ, ಕಡುಬನ್ನು ದೂರದಿಂದ ಎಲೆಗೆ ಎಸೆದಳು. "ಇಂಗ್ಲಿಷ್ ಕಲಿಸಿದ್ದಕ್ಕ ಇದ ಫಲ ನೋಡು" ಎಂದು ಐದು ದಿನ ಅನ್ನುತ್ತಲೇ ಇದ್ದಳು.

ಸೂತಕ ತೆಗೆಯುವ ದಿನ ಬಂತು. ಅಕ್ಕೋರು ಮನೆಯೆಲ್ಲ ತೊಳೆದು, ಸೋಫಿಗೆ ತಲೆಗೆರೆದು, ಒಲೆಯ ಮೇಲೆ ಒಗ್ಗರಣೆ ಹಾಕಿದರು. ಸೋಫಿ ಬೇರೆಯೇ ಹುಡುಗಿಯಾಗಿದ್ದಳು. ಸಾರಿಗೆ ಉಪ್ಪು ಕಮ್ಮಿ ಎಂದು ಮೊದಲ ಸಲ ದೂರಿದಳು. ಅಕ್ಕೋರ ಮಕ್ಕಳಿಬ್ಬರ ಜೊತೆ ಜಗಳಾಡಿದಳು. ಅಕ್ಕೋರ ಮುಖದ ಹಿಗ್ಗು ನೋಡಬೇಕಿತ್ತು.

ಊಟ ಮುಗಿಯುವ ಹೊತ್ತಿಗೆ ಫೋನ್ ಬಂತು. ಸೋಫಿಯ ತಂದೆ. ಮಗಳ ಹತ್ತಿರ ಮಾತಾಡಿ, ಆಮೇಲೆ ಮನೆಯ ತಾಯಿಗೆ ಕೃತಜ್ಞತೆ ಹೇಳಬೇಕೆಂದರು. ನಾನು ರಿಸೀವರ್ ತೆಗೆದುಕೊಂಡೆ. ಅಕ್ಕೋರು ಬಾಜೂಕ್ಕೆ ಬಂದು ನಿಂತರು. ಒಳ್ಳೆಯ, ನಯವಾದ ಇಂಗ್ಲಿಷ್. ಮಗಳನ್ನು ಇಷ್ಟು ಚೆನ್ನಾಗಿ ನೋಡಿಕೊಂಡಿದ್ದಕ್ಕೆ ಧನ್ಯವಾದ ಎಂದರು. ತಾಯಿಯ ಅಂತ್ಯಕ್ರಿಯೆ ಬಹಳ ಅಚ್ಚುಕಟ್ಟಾಗಿ ಆಯಿತು, ನಲವತ್ತು ನಿಮಿಷ, ಎಲ್ಲರೂ ಶಾಂತವಾಗಿದ್ದರು, ಆಮೇಲೆ ಕಾಫಿ ಇತ್ತು ಎಂದರು.

ನಾನು ಅಷ್ಟನ್ನೂ ಹೇಳಿದೆ. ಅಕ್ಕೋರು, "ಅತ್ತನಂತೇನು?" ಎಂದರು.

"ಅಕ್ಕೋರ, ಹಂಗೆಲ್ಲಾ ಕೇಳಬಾರದ್ರಿ."

"ಯಾಕ? ಸತ್ತಾಕಿ ಅವನ ತಾಯಿ ಹೌದಿಲ್ಲೋ? ಕೇಳು."

ನನ್ನ ಜೀವಮಾನದ ಅತ್ಯಂತ ಸುತ್ತುಬಳಸಿನ ಇಂಗ್ಲಿಷಿನಲ್ಲಿ ಕೇಳಿದೆ. ಆತ, ಬಹಳ ಕೆಲಸವಿತ್ತು, ಕಾಗದಪತ್ರ, ಮನೆ ಖಾಲಿ ಮಾಡುವುದು, ಎಂದರು. "ಐ ಆಮ್ ಫೈನ್" ಎಂದರು.

ರಿಸೀವರಿನಿಂದ ಹೊರಗೆ ಕೇಳಿದ ಆ ಮೂರು ಶಬ್ದವನ್ನು ನಾನು ಅನುವಾದ ಮಾಡಬೇಕಾಗಿರಲಿಲ್ಲ. ಅಕ್ಕೋರು ನನ್ನ ಕೈಯಿಂದ ಫೋನ್ ಕಿತ್ತುಕೊಂಡರು. ಅವರಿಗೆ ಆಯಿಯ ದನಿ ಇರಲಿಲ್ಲ. ಶಾಲೆಯ ಪ್ರಾರ್ಥನೆಯಲ್ಲೂ ಬರೀ ತುಟಿಯಾಡಿಸುತ್ತಿದ್ದ ಹೆಂಗಸು. ಆ ಒಡಕು ದನಿಯಲ್ಲಿ, ತಾಳವಿಲ್ಲ, ಧಾಟಿಯಿಲ್ಲ, ಫೋನಿನೊಳಗೆ ಶುರು ಮಾಡಿಬಿಟ್ಟರು:

"ಕಾಫಿ ಕುಡದು ಮನೀಗೆ ಹೋದರವ್ವಾ,
ನಿನ್ನ ಹೆಸರ ಹಿಡದು ಯಾರೂ ಕೂಗಲಿಲ್ಲವ್ವಾ…
ಮಗಾ ಮನಿ ಖಾಲಿ ಮಾಡಾಕ ಹತ್ಯಾನವ್ವಾ,
ಎದಿ ಖಾಲಿ ಮಾಡಾಕ ತಿಳೀವಲ್ಲದವಗ, ನನ್ನವ್ವಾ…"

ನಾನು ನಾಚಿಕೆಯಿಂದ ನೆಲಕ್ಕಿಳಿದು ಹೋದೆ. ಸೋಫಿ ಹತ್ತಿರ ಬಂದು ರಿಸೀವರಿಗೆ ಕಿವಿ ಹಚ್ಚಿದಳು. ಅಕ್ಕೋರು ನಿಲ್ಲಿಸಿದರು. ಮೂವರೂ ಕಾದೆವು. ಮೊದಲು ಲೈನ್ ಕಟ್ಟಾಯಿತು ಎಂದುಕೊಂಡೆ. ಆಮೇಲೆ ಕೇಳಿಸಿತು. ಒಂದು ಶಬ್ದದ ಅರ್ಥವೂ ಆಗದ ಆ ಮನುಷ್ಯ, ಅಷ್ಟು ದೂರದಲ್ಲಿ, ಬಿಕ್ಕಿ ಬಿಕ್ಕಿ ಅಳುತ್ತಿದ್ದ.

ಅಕ್ಕೋರು ರಿಸೀವರನ್ನು ಮೆಲ್ಲಗೆ ನನ್ನ ಕೈಗಿಟ್ಟರು. ಸೆರಗಿನಿಂದ ಮೂಗು ಒರೆಸಿಕೊಂಡರು.

"ಇಡಬ್ಯಾಡ" ಎಂದರು. "ಮಾತಾಡಾಕೂ ಹೋಗಬ್ಯಾಡ. ಅವಂದು ಮುಗಿಯೂತನಾ ಹಿಡಕೊಂಡ ಕುಂದರು."

ಸೋಫಿ ಮತ್ತು ನಾನು ನೆಲದ ಮೇಲೆ ಕೂತೆವು, ಇಬ್ಬರ ನಡುವೆ ರಿಸೀವರ್ ಹಿಡಿದುಕೊಂಡು. ಬಹಳ ಹೊತ್ತು ಕೂತೆವು.